ಯುವಮನಸ್ಸು ಮತ್ತು ಅಂತಃಸಾಕ್ಷಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನ ಸಮಾವೇಶದಲ್ಲಿ ನೀಡಿದ ಉಪನ್ಯಾಸ)



ನೂರು ಸಂವತ್ಸರಗಳನ್ನು ಪೂರೈಸಿದ ಈ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತುಗಳನ್ನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯ. ಕಲ್ಲು ಮಣ್ಣು ಹೊತ್ತು ಈ ಮಂದಿರವನ್ನು ಎಬ್ಬಿಸಿದ ಹಿರಿಯರನ್ನು ಈ ಉತ್ಸವದ ದಿನಗಳಲ್ಲಿ ನಾವು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ಅವರು ನಮಗೆ ಬಿಟ್ಟುಹೋದ ಹೊಣೆ ಗೋಡೆ ಗೋಪುರಗಳ ಜೀರ್ಣೋದ್ಧಾರದಷ್ಟಕ್ಕೇ ಮುಗಿಯುವುದಿಲ್ಲ. ಈ ಗೋಡೆಗಳ ಒಳಗೆ ದೀಕ್ಷಾಸ್ನಾನ ಪಡೆದ ಮಕ್ಕಳು ಒಳಿತು ಕೆಡುಕುಗಳನ್ನು ತಾವೇ ತೂಗಿ ನೋಡಬಲ್ಲವರಾಗಿ ಬೆಳೆಯುತ್ತಿರುವರೇ ಎಂಬ ವಿಚಾರವೂ ಆ ಹೊಣೆಗೆ ಸೇರಿದ್ದು.

ಸಮಿತಿಯವರು ನನಗೆ ಒಪ್ಪಿಸಿದ ವಿಷಯ ಯುವಜನರ ನೈತಿಕ ವಿವೇಕ. ಇಂಥ ವಿಷಯವೆತ್ತಿದಾಗ ಸಿನಿಮಾ, ಉಡುಪು, ಕೇಶಾಲಂಕಾರಗಳನ್ನು ಹಳಿದು, ಕಾಲ ಕೆಟ್ಟಿತೆಂದು ನಿಟ್ಟುಸಿರಿಟ್ಟು ಕುಳಿತುಕೊಳ್ಳುವುದು ಹಿರಿಯರಿಗೆ ಸುಲಭ. ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡಬಯಸುತ್ತೇನೆ. ಒಳ್ಳೆಯ ಮನೆತನದಲ್ಲಿ ಹುಟ್ಟಿ, ಪ್ರಾರ್ಥನೆ ಕಲಿತು, ಶಾಲೆಯಲ್ಲಿ ಜಾಣರೆನಿಸಿಕೊಂಡ ಮಕ್ಕಳು ಘೋರ ಅನ್ಯಾಯವನ್ನು ನ್ಯಾಯವೆಂದು ಹೇಗೆ ಒಪ್ಪಿಬಿಡುತ್ತಾರೆ? ಹಾಗೆ ಒಪ್ಪಿದವರಲ್ಲಿ ಕೆಲವರು ಮಾತ್ರ ಹೇಗೆ ಹಿಂದಿರುಗುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು 1933ರಿಂದ 1945ರವರೆಗಿನ ಜರ್ಮನಿಯ ಹನ್ನೆರಡು ವರ್ಷಗಳನ್ನು ಆರಿಸಿಕೊಂಡಿದ್ದೇನೆ. ದೇಶ ದೂರದ್ದು, ಆದರೆ ಅಲ್ಲಿ ಸಿಕ್ಕಿಬಿದ್ದ ಹುಡುಗ ಹುಡುಗಿಯರ ವಯಸ್ಸು ನಿಮ್ಮದೇ, ಅವರಲ್ಲಿ ಅನೇಕರ ವಿಶ್ವಾಸವೂ ನಮ್ಮದೇ.

1926ರಲ್ಲಿ ಸ್ಥಾಪಿತವಾದ ಹಿಟ್ಲರ್ ಯುವದಳದಲ್ಲಿ 1932ರ ಕೊನೆಗೆ ಸುಮಾರು 1 ಲಕ್ಷ ಸದಸ್ಯರಿದ್ದರು. ಹಿಟ್ಲರನು ಅಧಿಕಾರಕ್ಕೆ ಬಂದ 1933ರ ಕೊನೆಗೆ ಆ ಸಂಖ್ಯೆ 20 ಲಕ್ಷವನ್ನು ದಾಟಿತು. ಹತ್ತು ವರ್ಷದ ಬಾಲಕರಿಗೆ ಒಂದು ಪಡೆ, ಹದಿಹರೆಯದವರಿಗೆ ಇನ್ನೊಂದು, ಹೆಣ್ಣುಮಕ್ಕಳಿಗೆ ಮತ್ತೊಂದು. 1936ರ ಡಿಸೆಂಬರ್ 1ರ ಕಾನೂನು ದೇಶದ ಎಲ್ಲ ಮಕ್ಕಳನ್ನೂ ಈ ದಳದ ಕೈಗೆ ಒಪ್ಪಿಸಿತು. 1939ರ ಮಾರ್ಚಿನಲ್ಲಿ ಅದರ ಸೇವೆ ಕಡ್ಡಾಯವಾಯಿತು. ಆದರೆ ಕಡ್ಡಾಯವಾಗುವುದಕ್ಕೆ ಬಹಳ ಮುಂಚೆಯೇ ಲಕ್ಷಾಂತರ ಮಕ್ಕಳು ತಾವಾಗಿಯೇ ಓಡೋಡಿ ಬಂದು ಸೇರಿದ್ದರು ಎಂಬುದನ್ನು ಗಮನಿಸಬೇಕು.

ಅವರನ್ನು ಸೆಳೆದದ್ದು ಯಾವುದು? ದ್ವೇಷವೆಂದು ನಾವು ಥಟ್ಟನೆ ಹೇಳಿಬಿಡಬಹುದು. ಆದರೆ ಹತ್ತು ವರ್ಷದ ಬಾಲಕನಿಗೆ ದ್ವೇಷದಲ್ಲಿ ಏನು ರುಚಿ? ಅವನಿಗೆ ದೊರೆತದ್ದು ಗುಡಾರ, ಬೆಟ್ಟದ ನಡಿಗೆ, ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವ ಹಾಡು, ಡೋಲು, ಬಾವುಟ, ಸಮವಸ್ತ್ರ. ಬಡವನ ಮಗನೂ ಸಿರಿವಂತನ ಮಗನೂ ಒಂದೇ ಸಾಲಿನಲ್ಲಿ ನಿಲ್ಲುವ ಸಮಾನತೆ ದೊರೆಯಿತು. ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಹುಡುಗನಿಗೆ ಹತ್ತಾರು ಹುಡುಗರ ನಾಯಕತ್ವ ದೊರೆಯಿತು. ನಿನ್ನ ದೇಶಕ್ಕೆ ನೀನು ಬೇಕು, ನಿನ್ನ ತ್ಯಾಗ ಬೇಕು ಎಂಬ ಕರೆ ಅವನ ಕಿವಿಗೆ ಬಿತ್ತು. ಸ್ನೇಹ, ಶಿಸ್ತು, ತ್ಯಾಗ, ದೇಶಪ್ರೇಮ – ಇವೆಲ್ಲ ಸದ್ಗುಣಗಳೇ. ಯುವಕನಲ್ಲಿರುವ ಒಳಿತನ್ನೇ ಹಿಡಿಯಾಗಿ ಮಾಡಿಕೊಂಡು ಅವನನ್ನು ಎತ್ತಿಕೊಂಡು ಹೋದರು. ನನ್ನ ಉಪನ್ಯಾಸದ ಮುಖ್ಯ ಮಾತು ಇದೇ. ಕೆಡುಕು ಕೆಡುಕಿನ ವೇಷದಲ್ಲಿ ಬಂದಿದ್ದರೆ ಆ ಮಕ್ಕಳಲ್ಲಿ ಬಹುಪಾಲು ಮಂದಿ ಅದನ್ನು ಬಾಗಿಲಲ್ಲೇ ಗುರುತಿಸುತ್ತಿದ್ದರು.

ಒಮ್ಮೆ ಒಳಗೆ ಸೇರಿದ ಮೇಲೆ ಕೆಲಸ ಮೆಲ್ಲಮೆಲ್ಲನೆ ನಡೆಯಿತು. ವಾರದ ಸಂಜೆಗಳೂ ಭಾನುವಾರದ ಬೆಳಗುಗಳೂ ದಳದ ಪಾಲಾದವು. ಮನೆಗೂ ಬಲಿಪೂಜೆಗೂ ಸಮಯ ಉಳಿಯಲಿಲ್ಲ. ಎಲ್ಲ ಸಂಕಟಕ್ಕೂ ಒಬ್ಬನೇ ಕಾರಣ, ಅವನು ಯೆಹೂದ್ಯ ಎಂಬ ಪಾಠ ಹಾಡಿನಲ್ಲೂ ಆಟದಲ್ಲೂ ಬೆರೆಯಿತು. ಶಾಲೆಯ ಅಂಕಗಣಿತದ ಪುಸ್ತಕದಲ್ಲಿ ಸಹ, ಬುದ್ಧಿಮಾಂದ್ಯನೊಬ್ಬನ ಪೋಷಣೆಗೆ ದಿನಕ್ಕೆ ಇಷ್ಟು ಖರ್ಚಾದರೆ ಆ ಹಣದಿಂದ ಆರೋಗ್ಯವಂತರ ಎಷ್ಟು ಕುಟುಂಬಗಳಿಗೆ ಅನುಕೂಲವಾದೀತು ಎಂಬಂಥ ಲೆಕ್ಕಗಳು ಬಂದವು. ಮಗು ಲೆಕ್ಕವನ್ನು ಸರಿಯಾಗಿ ಮಾಡಿತು; ಗುರುಗಳಿಂದ ಮೆಚ್ಚುಗೆ ಪಡೆಯಿತು. ತಾನು ಆಗ ಮನುಷ್ಯಜೀವಕ್ಕೆ ಬೆಲೆ ಕಟ್ಟಿದೆನೆಂಬುದು ಅದಕ್ಕೆ ತಿಳಿಯಲೇ ಇಲ್ಲ.

ಆಗ ಧರ್ಮಸಭೆ ಏನು ಮಾಡುತ್ತಿತ್ತು ಎಂದು ನೀವು ಕೇಳಬೇಕು. ನಾವು ಮುಚ್ಚಿಡದೆ ಹೇಳಬೇಕು. ನಾತ್ಸಿ ಪಕ್ಷದ ವಿರುದ್ಧ ತಾವು ಮೊದಲು ನೀಡಿದ್ದ ಎಚ್ಚರಿಕೆಗಳನ್ನು ಜರ್ಮನಿಯ ಧರ್ಮಾಧ್ಯಕ್ಷರು 1933ರ ಮಾರ್ಚ್ 28ರಂದು ಸಡಿಲಿಸಿದರು. ಅದೇ ವರ್ಷ ಜುಲೈ 20ರಂದು ರೋಮಿನೊಡನೆ ಆದ ಒಪ್ಪಂದದಲ್ಲಿ ಕಥೋಲಿಕ ಸಂಘಗಳಿಗೆ ರಕ್ಷಣೆಯ ಭರವಸೆಯಿತ್ತು. ಆದರೆ ಕಥೋಲಿಕ ಯುವಕ ಸಂಘಗಳನ್ನು ಒಂದೊಂದಾಗಿ ಹಿಸುಕಿ, 1939ರ ಹೊತ್ತಿಗೆ ಇಲ್ಲವಾಗಿಸಿದರು. ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ಜರ್ಮನ್ ಭಾಷೆಯಲ್ಲೇ ಬರೆದು ಕಳುಹಿಸಿದ ವಿಶ್ವಪತ್ರವನ್ನು 1937ರ ಗರಿಗಳ ಭಾನುವಾರದಂದು ದೇವಾಲಯಗಳಲ್ಲಿ ಓದಲಾಯಿತು. ಜನಾಂಗವನ್ನೂ ರಾಷ್ಟ್ರವನ್ನೂ ದೇವರ ಪೀಠಕ್ಕೇರಿಸುವುದನ್ನು ಅದು ಖಂಡಿಸಿತು; ಯುವಜನರನ್ನು ಉದ್ದೇಶಿಸಿಯೇ ಅದರಲ್ಲೊಂದು ಭಾಗವಿತ್ತು. ಧೀರವಾದ ಮಾತು, ಆದರೆ ಅಷ್ಟರಲ್ಲಿ ನಾಲ್ಕು ವರ್ಷಗಳು ಕಳೆದಿದ್ದವು. ನಾಲ್ಕು ವರ್ಷಗಳಲ್ಲಿ ಹತ್ತರ ಬಾಲಕ ಹದಿನಾಲ್ಕರ ಹುಡುಗನಾಗಿರುತ್ತಾನೆ.

ಇನ್ನು ಎರಡು ಬಾಳುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ.

ರೈನ್ ಪ್ರಾಂತದ ವಿಟ್ಲಿಖ್ ಎಂಬ ಕಥೋಲಿಕ ಊರಿನಲ್ಲಿ, ಅಜ್ಜಿಯ ಹೊಲಮನೆಯಲ್ಲಿ ಬೆಳೆದವನು ಅಲ್ಫೋನ್ಸ್ ಹೆಕ್. ಅವನು 1928ರಲ್ಲಿ ಹುಟ್ಟಿದವನು. ಬಲಿಪೀಠದಲ್ಲಿ ಗುರುಗಳಿಗೆ ನೆರವಾಗುತ್ತಿದ್ದ ಪೀಠಬಾಲಕ. 1938ರಲ್ಲಿ, ಸುಮಾರು ಹತ್ತರ ವಯಸ್ಸಿನಲ್ಲಿ, ಯುವದಳದ ಬಾಲಪಡೆಯನ್ನು ಸೇರಿ ನ್ಯೂರೆಂಬರ್ಗಿನ ಮಹಾಸಮ್ಮೇಳನಕ್ಕೆ ಹೋದನು. ಅಲ್ಲಿ ಹಿಟ್ಲರನ ಭಾಷಣ ಕೇಳಿದ ಗಳಿಗೆಯಿಂದ ತಾನು ದೇಹಾತ್ಮಗಳೊಡನೆ ಅವನವನಾದೆನೆಂದು ಮುಂದೆ ಬರೆದುಕೊಂಡಿದ್ದಾನೆ. ಅದೇ ನವೆಂಬರಿನಲ್ಲಿ ಯೆಹೂದ್ಯರ ಮನೆ ಮಂದಿರಗಳ ಮೇಲೆ ದಾಳಿ ನಡೆದಾಗ ಈ ಬಾಲಕ ನೋಡುತ್ತ ನಿಂತಿದ್ದನು. ಅವನಿಗೆ ಯೆಹೂದ್ಯ ಗೆಳೆಯನೊಬ್ಬನಿದ್ದನು. ಆ ಗೆಳೆಯ ಊರು ಬಿಟ್ಟು ಹೋದದ್ದು ಸಹ ಅವನ ಮನಸ್ಸನ್ನು ಕಲಕಲಿಲ್ಲ. ಹದಿನಾರರ ಹರೆಯದಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ, ಸಾವಿರಾರು ಹುಡುಗರ ಮೇಲೆ ಅಧಿಕಾರ ನಡೆಸಿದನು. ಯುದ್ಧ ಮುಗಿದು, ಯಾತನಾ ಶಿಬಿರಗಳ ಚಲನಚಿತ್ರಗಳನ್ನು ಎದುರಿಗಿಟ್ಟಾಗಲೂ ಮೊದಲು ಅವನಿಗೆ ನಂಬಿಕೆ ಬರಲಿಲ್ಲ. ನಿಜವನ್ನು ಅರಗಿಸಿಕೊಳ್ಳಲು ಅವನಿಗೆ ದೀರ್ಘಕಾಲ ಹಿಡಿಯಿತು. 1985ರಲ್ಲಿ ತನ್ನ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿ, ಆಶ್‌ವಿಟ್ಸ್ ಶಿಬಿರದಿಂದ ಬದುಕಿ ಬಂದ ಯೆಹೂದ್ಯ ಮಹಿಳೆ ಹೆಲೆನ್ ವಾಟರ್‌ಫರ್ಡ್ ಅವರ ಜೊತೆಗೆ ಅಮೆರಿಕೆಯ ಕಾಲೇಜುಗಳಲ್ಲಿ ಯುವಜನರ ಮುಂದೆ ಮಾತನಾಡುತ್ತ ತಿರುಗಿದನು.

ಎರಡನೆಯದು ಉಲ್ಮ್ ನಗರದ ಶೋಲ್ ಕುಟುಂಬ. ಅಣ್ಣ ಹಾನ್ಸ್, 1918ರಲ್ಲಿ ಹುಟ್ಟಿದವನು. ತಂಗಿ ಸೋಫಿ, 1921ರಲ್ಲಿ ಹುಟ್ಟಿದವಳು. ಪ್ರಾಟೆಸ್ಟಂಟ್ ಮನೆತನ. ಅವರ ತಂದೆ ರಾಬರ್ಟ್ ಶೋಲ್ ಹಿಟ್ಲರನನ್ನು ಮೊದಲ ದಿನದಿಂದಲೇ ನಂಬಿದವರಲ್ಲ. ಆದರೂ ಮಕ್ಕಳು ಯುವದಳಕ್ಕೆ ಸೇರಿದರು. ಹಾನ್ಸ್ ಅದರಲ್ಲಿ ಮುಂದಾಳಾದನು. ತಂದೆಗೂ ಮಗನಿಗೂ ವಾದಗಳಾದವು. ಆದರೆ ತಂದೆ ಮನೆಯ ಬಾಗಿಲನ್ನೂ ಮುಚ್ಚಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. ಎಷ್ಟೇ ಕಷ್ಟವಾದರೂ ಮಕ್ಕಳು ನೇರವಾಗಿ, ಸ್ವತಂತ್ರರಾಗಿ ಬಾಳಬೇಕೆಂಬುದೇ ತನ್ನ ಆಸೆಯೆಂದು ಹೇಳಿ ಕಾದರು.

ಆ ಮಕ್ಕಳ ಮನಸ್ಸಿನಲ್ಲಿ ಬಿರುಕು ಬಿಟ್ಟದ್ದು ಸಣ್ಣ ಸಣ್ಣ ಸಂಗತಿಗಳಿಂದ. ಇನ್ನೊಬ್ಬ ಸಹೋದರಿ ಇಂಗೆ ಶೋಲ್ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನ್ನು ವಿವರಿಸಿದ್ದಾರೆ. ಹಾನ್ಸ್ ಗಿಟಾರು ನುಡಿಸಿ ರಷ್ಯಾ, ನಾರ್ವೆ ದೇಶಗಳ ಹಾಡು ಹಾಡಿದರೆ, ಪರದೇಶದ ಹಾಡು ಕೂಡದೆಂದರು. ಅವನಿಗೆ ಪ್ರಿಯವಾದ ಸ್ಟೆಫಾನ್ ಜ್ವೈಗನ ಪುಸ್ತಕ ನಿಷಿದ್ಧವೆಂದರು. ಅವನ ಪಡೆಯ ಹುಡುಗರು ತಾವೇ ಹೊಲಿದುಕೊಂಡ ಬಾವುಟವನ್ನು ಕಿತ್ತುಕೊಳ್ಳಲು ಬಂದರು. ಏಕೆಂದು ಕೇಳಿದರೆ ಉತ್ತರವಿಲ್ಲ. ಸೋಫಿಗೆ ಯೆಹೂದ್ಯ ಗೆಳತಿಯಿದ್ದಳು. ಹೊಂಗೂದಲಿನ ಆಕೆ ದಳಕ್ಕೆ ಸಲ್ಲದವಳು, ಕಪ್ಪು ಕೂದಲಿನ ತಾನು ಸಲ್ಲುವವಳು; ಇದೆಂಥ ನ್ಯಾಯವೆಂದು ಆ ಹುಡುಗಿ ಕೇಳಿದಳು. ಈ ಪ್ರಶ್ನೆಗಳನ್ನು ಹೊತ್ತುಕೊಂಡು ಬರಲು ಅವರಿಗೊಂದು ಮನೆಯಿತ್ತು. ಅಲ್ಲಿ ಗದರಿಕೆಯಿರಲಿಲ್ಲ, ನಾನು ಮೊದಲೇ ಹೇಳಲಿಲ್ಲವೇ ಎಂಬ ಕುಟುಕೂ ಇರಲಿಲ್ಲ.

ಮುಂದೆ ಹಾನ್ಸ್ ವೈದ್ಯಶಿಕ್ಷಣಕ್ಕಾಗಿ ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಬಂದನು. ಅಲ್ಲಿ ಅವನಿಗೆ ಕಥೋಲಿಕ ವಿದ್ವಾಂಸರಾದ ಕಾರ್ಲ್ ಮೂಟ್, ಥಿಯೊಡೋರ್ ಹೆಕ್ಕರ್ ಇವರ ಒಡನಾಟ ದೊರೆಯಿತು. ಮೂಟರು ನಡೆಸುತ್ತಿದ್ದ ಪತ್ರಿಕೆಯನ್ನು ಸರಕಾರ 1941ರಲ್ಲಿ ನಿಲ್ಲಿಸಿತ್ತು. ಅವರ ಗ್ರಂಥಭಂಡಾರವನ್ನು ಅಣಿಗೊಳಿಸುವ ಕೆಲಸ ಹಾನ್ಸನ ಪಾಲಿಗೆ ಬಂತು. ಸೋಫಿ ಸಂತ ಅಗಸ್ಟೀನರನ್ನೂ, ಅಂತಃಸಾಕ್ಷಿಯ ಬಗ್ಗೆ ಆಳವಾಗಿ ಬರೆದ ಜಾನ್ ಹೆನ್ರಿ ನ್ಯೂಮನ್‌ರನ್ನೂ ಓದಿದಳು. 2019ರಲ್ಲಿ ಸಂತಪದವಿಗೇರಿದ ನ್ಯೂಮನ್ನರೇ ಅವರು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್‌ರವರು, ರೋಗಿಗಳನ್ನೂ ಬುದ್ಧಿಮಾಂದ್ಯರನ್ನೂ ಸರಕಾರವೇ ಕೊಲ್ಲುತ್ತಿರುವುದನ್ನು ಪ್ರಸಂಗಪೀಠದಿಂದ ಬಯಲು ಮಾಡಿದರು. ಕೆಲಸಕ್ಕೆ ಬಾರದವರನ್ನು ಕೊಲ್ಲಬಹುದಾದರೆ, ಮುಪ್ಪಾದಾಗ ನಮ್ಮೆಲ್ಲರ ಗತಿಯೇನು, ಕೈಕಾಲು ಕಳೆದುಕೊಂಡು ಬರುವ ಸೈನಿಕನ ಗತಿಯೇನು ಎಂದು ಅವರು ಕೇಳಿದರು. ಆ ಪ್ರಸಂಗದ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಸಾಗಿ ಶೋಲ್ ಮನೆಯ ಅಂಚೆಪೆಟ್ಟಿಗೆಗೂ ಬಂದು ಬಿದ್ದವು. ಒಬ್ಬರಾದರೂ ಬಾಯಿಬಿಟ್ಟರಲ್ಲ ಎಂದು ಹಾನ್ಸ್ ಉಸಿರುಬಿಟ್ಟನು. ಪ್ರತಿ ತೆಗೆಯುವ ಯಂತ್ರವೊಂದು ತಮ್ಮಲ್ಲಿರಬೇಕಿತ್ತೆಂದನು. ಗಾಲೆನ್‌ರವರನ್ನು ಧರ್ಮಸಭೆ 2005ರಲ್ಲಿ ಧನ್ಯರ ಪದವಿಗೇರಿಸಿತು.

1942ರ ಜೂನಿನಿಂದ ‘ಶ್ವೇತ ಗುಲಾಬಿ’ ಎಂಬ ಹೆಸರಿನ ಕರಪತ್ರಗಳು ಹೊರಬಿದ್ದವು. ಮುಂದಿನ ಫೆಬ್ರವರಿಯವರೆಗೆ ಒಟ್ಟು ಆರು. ಪೋಲೆಂಡಿನಲ್ಲಿ ನಡೆಯುತ್ತಿದ್ದ ಯೆಹೂದ್ಯರ ಹತ್ಯೆಯನ್ನು ಎರಡನೆಯ ಕರಪತ್ರ ನೇರವಾಗಿ ಸಾರಿತು. ಗುಂಪಿನಲ್ಲಿ ಆರ್ಥಡಾಕ್ಸ್ ಸಭೆಯ ಅಲೆಕ್ಸಾಂಡರ್ ಶ್ಮೋರೆಲ್, ಮೂರು ಮಕ್ಕಳ ತಂದೆ ಕ್ರಿಸ್ಟೋಫ್ ಪ್ರೋಬ್ಸ್ಟ್, ಪ್ರಾಧ್ಯಾಪಕ ಕುರ್ಟ್ ಹೂಬರ್ ಇದ್ದರು. ನಮ್ಮವನೇ ಆದ ವಿಲ್ಲಿ ಗ್ರಾಫ್ ಇದ್ದನು. ಸಾರ್‌ಬ್ರ್ಯೂಕನ್ ನಗರದಲ್ಲಿ ಪೀಠಬಾಲಕನಾಗಿದ್ದ ಈತ ಕಥೋಲಿಕ ವಿದ್ಯಾರ್ಥಿ ಸಂಘವನ್ನು ಬಿಟ್ಟು ಹಿಟ್ಲರ್ ಯುವದಳ ಸೇರಲು ಒಪ್ಪಲೇ ಇಲ್ಲ. ಸೇರಿದ ಗೆಳೆಯರ ಹೆಸರುಗಳನ್ನು ತನ್ನ ವಿಳಾಸ ಪುಸ್ತಕದಲ್ಲಿ ಹೊಡೆದುಹಾಕಿದನು.

1943ರ ಫೆಬ್ರವರಿ 18ರಂದು ಹಾನ್ಸ್ ಮತ್ತು ಸೋಫಿ ವಿಶ್ವವಿದ್ಯಾಲಯದಲ್ಲಿ ಕರಪತ್ರ ಹಂಚುವಾಗ ಅಲ್ಲಿನ ನೌಕರನೊಬ್ಬನ ಕೈಗೆ ಸಿಕ್ಕಿಬಿದ್ದರು. ನಾಲ್ಕನೆಯ ದಿನವೇ, ಫೆಬ್ರವರಿ 22ರಂದು, ವಿಚಾರಣೆ. ಅಂದೇ ಸಂಜೆ ಶಿರಚ್ಛೇದನ. ಸೋಫಿಗೆ 21, ಕ್ರಿಸ್ಟೋಫನಿಗೆ 23, ಹಾನ್ಸನಿಗೆ 24 ವರ್ಷ. ಸಾಯುವುದಕ್ಕೆ ಸ್ವಲ್ಪ ಮುಂಚೆ ಕ್ರಿಸ್ಟೋಫ್ ಸೆರೆಮನೆಯಲ್ಲಿ ಕಥೋಲಿಕ ಗುರುಗಳಿಂದ ದೀಕ್ಷಾಸ್ನಾನ ಪಡೆದನು. ವಿಲ್ಲಿ ಗ್ರಾಫನನ್ನು ತಿಂಗಳುಗಟ್ಟಲೆ ಪ್ರಶ್ನಿಸಿ ಅಕ್ಟೋಬರ್ 12ರಂದು ಕೊಂದರು. ಇಷ್ಟಾದರೂ ಅವರ ಸಹಪಾಠಿಗಳೇನು ಮಾಡಿದರು? ಅವರನ್ನು ಹಿಡಿದುಕೊಟ್ಟ ನೌಕರನಿಗೆ ವಿಶ್ವವಿದ್ಯಾಲಯದ ಸಭೆಯಲ್ಲಿ ನೂರಾರು ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಅವರೂ ವಿದ್ಯಾವಂತರೇ ಎಂಬುದನ್ನು ನಾವು ಮರೆಯಬಾರದು.

ಯುವಮಿತ್ರರೇ, ಹಾನ್ಸನೂ ಅಲ್ಫೋನ್ಸನೂ ಒಂದೇ ಸಮವಸ್ತ್ರ ತೊಟ್ಟವರು. ಒಂದೇ ಹಾಡು ಹಾಡಿದವರು. ಅಲ್ಫೋನ್ಸ್ ಮತ್ತು ವಿಲ್ಲಿ ಇಬ್ಬರೂ ಬಲಿಪೀಠದ ಬಳಿ ಮೊಣಕಾಲೂರಿದವರು. ಹಾಗಾದರೆ ಅಂತರ ಎಲ್ಲಿ ಬಂತು? ವಯಸ್ಸಿನ ಅಂತರವನ್ನು ನಾವು ಮರೆಯಬಾರದು. ಅಲ್ಫೋನ್ಸ್ ಹತ್ತರ ಬಾಲಕನಾಗಿದ್ದಾಗಲೇ ಬಲೆ ಪೂರ್ತಿಯಾಗಿ ಹೆಣೆದಾಗಿತ್ತು. ಅದನ್ನು ಬಿಟ್ಟರೆ ನನಗೆ ಮೂರು ಸಂಗತಿಗಳು ಕಾಣುತ್ತವೆ. ಮೊದಲನೆಯದು, ಹೆದರಿಕೆಯಿಲ್ಲದೆ ಪ್ರಶ್ನೆ ಕೇಳಬಹುದಾದ ಒಂದು ಮನೆ. ಎರಡನೆಯದು, ಗುಂಪಿನ ಗದ್ದಲದಿಂದ ದೂರ ಸರಿದು ಓದಿ ಚರ್ಚಿಸುವ ನಾಲ್ಕಾರು ಗೆಳೆಯರು ಮತ್ತು ಅವರಿಗೆ ಸಮಯ ಕೊಡುವ ಹಿರಿಯರು. ಮೂರನೆಯದು, ಶತ್ರುವೆಂದು ತೋರಿಸಲ್ಪಟ್ಟವನ ಮುಖವನ್ನು ಮನುಷ್ಯನ ಮುಖವಾಗಿ ಕಾಣುವ ಕಣ್ಣು. ಬರಿಯ ಭಕ್ತಿ ಈ ಮೂರರ ಸ್ಥಾನವನ್ನು ತುಂಬಲಾರದೆಂಬುದಕ್ಕೆ ವಿಟ್ಲಿಖ್ ಊರಿನ ಪೀಠಬಾಲಕನೇ ಸಾಕ್ಷಿ.

ಇದೆಲ್ಲ ಎಂದೋ ಎಲ್ಲೋ ನಡೆದದ್ದೆಂದು ನಾವು ನೆಮ್ಮದಿಯಿಂದಿರುವಂತಿಲ್ಲ. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಅವನ ಸಂಗಡಿಗರು ಗಾಯಗೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅವರಿಗೆ ಮುಳುವಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ವೇಗವಾಗಿ ಓಡಿ ಮುಂದಿನ ಊರನ್ನು ಮುಟ್ಟಿತ್ತು. ಆ ಗುಂಪಿನಲ್ಲಿ ಅನೇಕರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ನಂಬಿದ್ದಿರಬೇಕು. ಮಕ್ಕಳ ಮೇಲಿನ ಪ್ರೀತಿಯೇ ಅಲ್ಲಿ ಕೊಲೆಗೆ ದಾರಿ ತೋರಿಸಿತು.

ಅಂದು ಡೋಲು ಬಾವುಟಗಳು ಮಾಡಿದ ಕೆಲಸವನ್ನು ಇಂದು ಅಂಗೈಯಲ್ಲಿರುವ ಮೊಬೈಲು ಸದ್ದಿಲ್ಲದೆ ಮಾಡಬಲ್ಲದು. ಒಂದು ಬಗೆಯ ವಿಡಿಯೋ ನೋಡಿದವನಿಗೆ ಅದೇ ಬಗೆಯ ಹತ್ತು ವಿಡಿಯೋಗಳು ಬರುತ್ತವೆ. ಲೋಕವೆಲ್ಲ ಹೀಗೆಯೇ ಯೋಚಿಸುತ್ತದೆಂಬ ಭ್ರಮೆ ಹುಟ್ಟುತ್ತದೆ. ಯಾವ ಧರ್ಮದವರೇ ಕರೆಯಲಿ, ಯಾವ ಪಕ್ಷದವರೇ ಕರೆಯಲಿ, ನಿಮ್ಮನ್ನು ಕರೆಯುವ ದನಿಯನ್ನು ಪರೀಕ್ಷಿಸಿರಿ. ಪ್ರಶ್ನೆ ಕೇಳುವುದೇ ದ್ರೋಹವೆಂದು ಅದು ಹೇಳುತ್ತದೆಯೇ? ನಿಮ್ಮ ಎಲ್ಲ ಕಷ್ಟಗಳಿಗೂ ಒಂದೇ ಜನಾಂಗದತ್ತ ಬೆರಳು ತೋರಿಸುತ್ತದೆಯೇ? ತಂದೆತಾಯಿಗಳಿಂದ, ಹಳೆಯ ಗೆಳೆಯರಿಂದ ನಿಮ್ಮನ್ನು ಮೆಲ್ಲನೆ ಬಿಡಿಸುತ್ತದೆಯೇ? ಯೋಚಿಸಲು ಸಮಯ ಕೊಡದೆ ಅವಸರಪಡಿಸುತ್ತದೆಯೇ? ಹೌದಾದರೆ, ಆ ದನಿ ಶಿಲುಬೆಯ ಗುರುತು ಹೊತ್ತು ಬಂದರೂ ಅದನ್ನು ನಂಬಬೇಡಿರಿ. ನಮ್ಮ ಸಮುದಾಯಕ್ಕೆ ಅನ್ಯಾಯವಾದಾಗ ನಾವು ದನಿಯೆತ್ತುವುದು ನ್ಯಾಯವೇ. ಆದರೆ ವಿಶ್ವಾಸವನ್ನು ಬಾವುಟವಾಗಿ ಮಾತ್ರ ಹಿಡಿಯಲು ಕಲಿತ ಯುವಕನ ಕೈಗೆ ನಾಳೆ ಯಾರಾದರೂ ಬೇರೊಂದು ಬಾವುಟ ಕೊಡಬಹುದು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಸಂವಿಧಾನವೊಂದರಲ್ಲಿ, ಅಂತಃಸಾಕ್ಷಿಯನ್ನು ಮನುಷ್ಯನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂಬ ಅರ್ಥದಲ್ಲಿ ಬಣ್ಣಿಸಿದೆ. ಸತ್ಯವನ್ನು ಹುಡುಕುವ ಕಾಳಜಿಯಿಲ್ಲದವನ ಅಂತಃಸಾಕ್ಷಿ ಕ್ರಮೇಣ ಕುರುಡಾಗುತ್ತದೆಂದೂ ಅದೇ ಪುಟದಲ್ಲಿ ಎಚ್ಚರಿಸಿದೆ. ಎಂದರೆ ಅಂತಃಸಾಕ್ಷಿ ಹುಟ್ಟಿನೊಡನೆ ಸಿದ್ಧವಾಗಿ ಬರುವುದಿಲ್ಲ. ಅದಕ್ಕೆ ಶಿಕ್ಷಣ ಬೇಕು.

ಆ ಶಿಕ್ಷಣವನ್ನು ಕೊಡಬೇಕಾದವರು ನಾವು, ಹಿರಿಯರು. ದೃಢೀಕರಣ ಸಂಸ್ಕಾರದೊಡನೆ ಧರ್ಮೋಪದೇಶ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಕಠಿಣವಾದ ಪ್ರಶ್ನೆಗಳು ಹುಟ್ಟುವುದು ಆಮೇಲೆ. ಬಾಲಕ ಸಮುವೇಲನ ಕಥೆ ನಿಮಗೆ ತಿಳಿದೇ ಇದೆ. ರಾತ್ರಿ ಯಾರೋ ಕರೆದರೆಂದು ಅವನು ಮೂರು ಸಲ ಎದ್ದು ಯಾಜಕ ಏಲಿಯ ಬಳಿ ಓಡಿದನು. ಕರೆದದ್ದು ಯಾರೆಂದು ಹುಡುಗನಿಗೆ ತಿಳಿಯಲಿಲ್ಲ. ಕಣ್ಣು ಮಂಜಾದ ಆ ಮುದುಕ ನಿದ್ದೆಗೆಡಿಸಿದನೆಂದು ಸಿಟ್ಟಾಗಲಿಲ್ಲ. ದನಿಯನ್ನು ಗುರುತಿಸುವ ಬಗೆಯನ್ನು ಹೇಳಿಕೊಟ್ಟನು. ನಮ್ಮ ಮಕ್ಕಳು ಮಧ್ಯರಾತ್ರಿಯ ಪ್ರಶ್ನೆ ಹಿಡಿದು ಓಡಿ ಬಂದರೆ ನಾವು ಎಚ್ಚರವಾಗಿರುವೆವೇ?

ಈ ಶತಮಾನೋತ್ಸವದ ನೆನಪಿಗಾಗಿ ಎರಡು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಸಂಜೆಯ ಜಪಸರ ಮುಗಿದು ಊಟಕ್ಕೆ ಕುಳಿತಾಗ, ಮೊಬೈಲುಗಳನ್ನು ಬದಿಗಿಟ್ಟು, ಆ ದಿನ ಕೇಳಿದ ಒಂದು ಸುದ್ದಿಯ ಕುರಿತು ಮಕ್ಕಳ ಅಭಿಪ್ರಾಯವನ್ನು ಕೇಳಿರಿ. ಅವರು ತಪ್ಪಾಗಿ ಹೇಳಿದರೂ ಪೂರ್ತಿಯಾಗಿ ಕೇಳಿರಿ. ಇನ್ನೊಂದು, ರಾತ್ರಿ ಮಲಗುವ ಮುನ್ನ ನಾವು ಮಾಡುವ ಆತ್ಮಶೋಧನೆಗೆ ಎರಡು ಪ್ರಶ್ನೆಗಳನ್ನು ಸೇರಿಸಿಕೊಳ್ಳೋಣ: ನಿಜವೋ ಸುಳ್ಳೋ ಎಂದು ನೋಡದೆ ಇಂದು ಯಾರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದೆ? ಒಮ್ಮೆಯೂ ಭೇಟಿಯಾಗದ ಯಾರನ್ನು ಇಂದು ದ್ವೇಷಿಸಿದೆ? ಪಾಪನಿವೇದನೆಗೆ ಹೋಗುವಾಗ ಈ ಉತ್ತರಗಳನ್ನೂ ಕೊಂಡೊಯ್ಯೋಣ.

ಶ್ವೇತ ಗುಲಾಬಿಯ ಆರನೆಯ ಕರಪತ್ರ ಗುಟ್ಟಾಗಿ ಗಡಿ ದಾಟಿ ಇಂಗ್ಲೆಂಡನ್ನು ಮುಟ್ಟಿತು. ಅದನ್ನು ಬರೆದ ಪ್ರಾಧ್ಯಾಪಕ ಹೂಬರರನ್ನೂ ಶ್ಮೋರೆಲ್‌ನನ್ನೂ 1943ರ ಜುಲೈ 13ರಂದು ಕೊಂದರು. ಅದೇ ವರ್ಷ ವಿಮಾನಗಳು ಅದರ ಪ್ರತಿಗಳನ್ನು ಜರ್ಮನಿಯ ಊರುಗಳ ಮೇಲೆ ಸುರಿದವು. ಅದನ್ನು ಎತ್ತಿಕೊಂಡು ಓದಿದವರಲ್ಲಿ ಯುವದಳದ ಸಮವಸ್ತ್ರ ತೊಟ್ಟ ಹುಡುಗರೂ ಇದ್ದಿರಬೇಕು. ಓದಿದ ಮೇಲೆ ಮನೆಗೆ ಹೋಗಿ ಕೇಳಲು ಅವರಿಗೊಬ್ಬ ತಂದೆ, ಒಬ್ಬ ತಾಯಿ, ಒಬ್ಬ ಗುರು ಇದ್ದರೋ ಇಲ್ಲವೋ, ಅವರವರ ಪಾಡು ಅದರ ಮೇಲೆಯೇ ನಿಂತಿತ್ತು. ಈ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ಬೆಳೆಯುವ ಮಕ್ಕಳಿಗೆ ಅಂಥ ಹಿರಿಯರು ಮನೆಮನೆಯಲ್ಲೂ ದೊರೆಯುವಂತೆ ಪ್ರಭು ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇನೆ.